ಕುಡಿತ ಬಿಟ್ಟವರು ಸೇರುವ ಸಭೆ

ಆಲ್ಕೊಹಾಲಿಕ್ಸ್ ಅನಾನಿಮಸ್, ಬಳಕೆಯ ಮಾತಿನಲ್ಲಿ ಎ.ಎ., ಕುಡಿತ ಬಿಟ್ಟವರೂ ಬಿಡಬೇಕೆನ್ನುವವರೂ ಒಟ್ಟಿಗೆ ಕೂತು ಮಾತಾಡುವ ಕೂಟ. ಸೇರಲು ಬೇಕಾದ ಅರ್ಹತೆ ಒಂದೇ, ಕುಡಿತ ನಿಲ್ಲಿಸಬೇಕೆಂಬ ಆಸೆ. ಅರ್ಜಿಯಿಲ್ಲ, ಶುಲ್ಕವಿಲ್ಲ. ಪೂರ್ತಿ ಹೆಸರು, ಜಾತಿ, ಉದ್ಯೋಗವನ್ನು ಯಾರೂ ಕೇಳುವುದಿಲ್ಲ. ಸುಮಾರು 180 ದೇಶಗಳಲ್ಲಿ ಇಂಥ ಗುಂಪುಗಳಿವೆ. ಭಾರತಕ್ಕೆ ಇದು ಬಂದದ್ದು 1957ರಲ್ಲಿ.

ಇದರ ಹುಟ್ಟಿನ ಕಥೆಯಲ್ಲೇ ಸಭೆಯ ಮರ್ಮವೂ ಇದೆ. 1935ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಷೇರುಪೇಟೆಯ ಬಿಲ್ ವಿಲ್ಸನ್ ವ್ಯವಹಾರವೊಂದಕ್ಕಾಗಿ ಓಹಾಯೊ ರಾಜ್ಯದ ಆಕ್ರನ್ ನಗರಕ್ಕೆ ಹೋಗಿದ್ದರು. ವ್ಯವಹಾರ ಕೈಕೊಟ್ಟಿತು. ಅವರು ಕುಡಿತ ಬಿಟ್ಟು ಆಗಿನ್ನೂ ಐದು ತಿಂಗಳು. ಇಳಿದುಕೊಂಡಿದ್ದ ಹೋಟೆಲಿನ ಬಾರು ಕಣ್ಣೆದುರಿಗೇ ಇತ್ತು. ಇನ್ನೊಬ್ಬ ಕುಡುಕನ ಜೊತೆ ಮಾತಾಡಿದರೆ ಮಾತ್ರ ತಾನು ಉಳಿದೇನು ಅನ್ನಿಸಿ, ಅಂಥವರು ಯಾರಾದರೂ ಇದ್ದಾರೆಯೇ ಎಂದು ಊರಿನ ಪಾದ್ರಿಗಳಿಗೆ ಫೋನು ಮಾಡಿದರು. ಹೀಗೆ ಸಿಕ್ಕವರು ಶಸ್ತ್ರವೈದ್ಯ ಬಾಬ್ ಸ್ಮಿತ್. ಕಾಲು ಗಂಟೆ ಕೂತು ಎದ್ದುಬಿಡುವ ಮನಸ್ಸಿನಿಂದ ಬಂದ ವೈದ್ಯರು ಗಂಟೆಗಟ್ಟಲೆ ಕೂತರು. ಬುದ್ಧಿ ಹೇಳುವವರನ್ನು ಅವರು ಬೇಕಾದಷ್ಟು ಕಂಡಿದ್ದರು. ತನ್ನಂತೆಯೇ ಕುಡಿದು, ತನ್ನಂತೆಯೇ ನಾಚಿ, ಈಗ ಕುಡಿಯದೆ ಇರುವವರನ್ನು ಕಂಡಿರಲಿಲ್ಲ. ಆಮೇಲೆ ಒಮ್ಮೆ ಎಡವಿದ ಅವರು ಜೂನ್ 10ರಂದು ಕೊನೆಯ ಗುಟುಕು ಕುಡಿದರು. ಆ ದಿನವನ್ನೇ ಎ.ಎ. ತನ್ನ ಹುಟ್ಟಿದ ದಿನವೆಂದು ಎಣಿಸುತ್ತದೆ. ಕುಡಿತದಿಂದ ಹೊರಬರಲು ಅನುಭವದಿಂದ ಕಂಡುಕೊಂಡ ಹನ್ನೆರಡು ಹೆಜ್ಜೆಗಳು 1939ರಲ್ಲಿ ಎ.ಎ.ಯ ಪುಸ್ತಕದಲ್ಲಿ ಬಂದವು.

ಹತ್ತಿರದ ಸಭೆಯನ್ನು ಹುಡುಕುವುದು ಕಷ್ಟವಲ್ಲ. ಎ.ಎ. ಜಾಲತಾಣದಲ್ಲಿ ಊರುವಾರು ಪಟ್ಟಿ, ಫೋನ್ ನಂಬರು ಇರುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಆಸ್ಪತ್ರೆಗಳ ವ್ಯಸನಮುಕ್ತಿ ವಿಭಾಗದಲ್ಲೂ ವಿಚಾರಿಸಬಹುದು. ಚರ್ಚಿನ ಹಾಲು, ಶಾಲೆಯ ಕೊಠಡಿಗಳಲ್ಲಿ ಸಭೆ ನಡೆಯುವುದು ಸಾಮಾನ್ಯ, ಅದೂ ಹೆಚ್ಚಾಗಿ ಸಂಜೆ ಹೊತ್ತು. ಜಾಗ ಚರ್ಚಿನದಾದರೂ ಸಂಘ ಯಾವ ಮತಕ್ಕೂ ಸೇರಿದ್ದಲ್ಲ. ಹೋಗುವ ಮುಂಚೆ ಫೋನು ಮಾಡಿ ಎರಡು ಸಂಗತಿ ಕೇಳಿಕೊಳ್ಳಬೇಕು: ಸಭೆ ಯಾವ ಭಾಷೆಯಲ್ಲಿ ನಡೆಯುತ್ತದೆ, ಅದು ಮುಕ್ತ ಸಭೆಯೋ ಅಲ್ಲವೋ. ಮುಕ್ತ ಸಭೆಗೆ ಮನೆಯವರೂ ಬರಬಹುದು. ಉಳಿದವು ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ.

ಮೊದಲ ದಿನ ಬಾಗಿಲು ದಾಟುವುದೇ ದೊಡ್ಡ ಕೆಲಸ. ಪರಿಚಯದವರು ಕಂಡುಬಿಟ್ಟರೆ ಎಂಬ ಅಳುಕು ಬೀದಿಯ ತುದಿಯಿಂದಲೇ ಹಿಂದಕ್ಕೆ ಎಳೆಯುತ್ತದೆ. ಒಳಗೆ ಕೂತವರೆಲ್ಲ ಅದೇ ಅಳುಕನ್ನು ದಾಟಿ ಬಂದವರು. ಸಭೆ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗಂಟೆ. ಚಿಕ್ಕ ಪ್ರಾರ್ಥನೆ, ಪುಸ್ತಕದ ಒಂದು ಭಾಗದ ಓದು, ಆಮೇಲೆ ಒಬ್ಬೊಬ್ಬರ ಮಾತು. ಹೆಸರು ಹೇಳಿ, ‘ನಾನೊಬ್ಬ ಮದ್ಯವ್ಯಸನಿ’ ಎಂದು ಶುರುಮಾಡುತ್ತಾರೆ. ಕುಡಿತಕ್ಕೆ ಅಡವಿಟ್ಟ ತಾಳಿ, ತಪ್ಪಿಹೋದ ಕೆಲಸ, ಅಪ್ಪನನ್ನು ಕಂಡರೆ ಬಾಗಿಲ ಹಿಂದೆ ಅವಿತುಕೊಳ್ಳುವ ಮಗು, ಹೀಗೆ ಹೊರಗೆಲ್ಲೂ ಬಾಯಿಬಿಡದ ಸಂಗತಿಗಳು ಇಲ್ಲಿ ಸಹಜವಾಗಿ ಬರುತ್ತವೆ. ನಡುವೆ ಬಾಯಿ ಹಾಕುವಂತಿಲ್ಲ, ತೀರ್ಪು ಕೊಡುವಂತಿಲ್ಲ, ಕೇಳಿದ್ದನ್ನು ಹೊರಗೆ ಒಯ್ಯುವಂತಿಲ್ಲ. ಮಾತಾಡಲು ಮನಸ್ಸಿಲ್ಲದವರು ಸುಮ್ಮನೆ ಕೇಳಿಸಿಕೊಂಡು ಎದ್ದು ಬರಬಹುದು. ಖರ್ಚಿಗೆಂದು ಸದಸ್ಯರು ಕೈಲಾದಷ್ಟು ಹಾಕುತ್ತಾರೆ. ಹೊರಗಿನವರ ದೇಣಿಗೆಯನ್ನು ಸಂಘ ಮುಟ್ಟುವುದಿಲ್ಲ. ಆಮೇಲೆ ಚಹಾ. ಎಷ್ಟೋ ಜನರ ಗಟ್ಟಿ ಸ್ನೇಹ ಮೊಳೆಯುವುದು ಆ ಚಹಾದ ಹೊತ್ತಿನಲ್ಲೇ.

ಜೀವನಪೂರ್ತಿ ಕುಡಿಯುವುದಿಲ್ಲ ಎಂಬ ಆಣೆಯನ್ನು ಇಲ್ಲಿ ಯಾರೂ ಮಾಡಿಸುವುದಿಲ್ಲ. ಇವತ್ತೊಂದು ದಿನ ಕುಡಿಯದಿದ್ದರೆ ಸಾಕು, ನಾಳೆಯದು ನಾಳೆಗೆ. ದೇವರ ಫೋಟೊ ಮುಂದೆ ಮತ್ತೆ ಮತ್ತೆ ಆಣೆ ಹಾಕಿ, ಮತ್ತೆ ಮತ್ತೆ ಮುರಿದ ಮನೆಗಳಿಗೆ ಈ ಅಳತೆ ಎಷ್ಟು ಮಾನವೀಯವೆಂದು ಬೇಗ ಅರ್ಥವಾಗುತ್ತದೆ. ಹೊಸಬರು ಹಳಬರೊಬ್ಬರನ್ನು ‘ಸ್ಪಾನ್ಸರ್’ ಆಗಿ ಆರಿಸಿಕೊಳ್ಳುತ್ತಾರೆ. ಕುಡಿಯುವ ಚಪಲ ಕೆರಳಿದಾಗ ಮೊದಲ ಫೋನು ಅವರಿಗೆ. ಮೊದಲ 90 ದಿನಗಳಲ್ಲಿ 90 ಸಭೆ ಎಂಬ ಸಲಹೆಯೂ ರೂಢಿಯಲ್ಲಿದೆ. ಒಂದು ಗುಂಪು ಒಗ್ಗದಿದ್ದರೆ ಇನ್ನೊಂದಕ್ಕೆ ಹೋಗಬೇಕೇ ಹೊರತು ಸಭೆಯನ್ನೇ ಬಿಡಬಾರದು.

ಸಭೆಯಿಂದ ಪ್ರಯೋಜನವಿದೆ ಎಂಬುದು ಬರೀ ನಂಬಿಕೆಯ ಮಾತಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕೊಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ ಕೊಟ್ಟ 2020ರ ವರದಿ, ಎ.ಎ. ಸಭೆಗಳಿಗೆ ಸೇರಿಸುವ ಕ್ರಮಬದ್ಧ ಚಿಕಿತ್ಸೆ ಪಡೆದವರಲ್ಲಿ ಪೂರ್ಣವಾಗಿ ಕುಡಿತ ಬಿಟ್ಟವರು ಬೇರೆ ಚಿಕಿತ್ಸೆಗಳಿಗಿಂತ ಹೆಚ್ಚು ಎಂದು ಕಂಡುಕೊಂಡಿತು.

ಒಂದು ಎಚ್ಚರಿಕೆ ಮಾತ್ರ ಬೇಕೇ ಬೇಕು. ವರ್ಷಗಟ್ಟಲೆ ದಿನವೂ ಕುಡಿದ ದೇಹಕ್ಕೆ ಮದ್ಯ ಒಮ್ಮೆಲೇ ತಪ್ಪಿದರೆ ಕೈ ನಡುಗುತ್ತದೆ, ಬೆವರುತ್ತದೆ; ಕೆಲವರಿಗೆ ಫಿಟ್ಸ್ ಬರುತ್ತದೆ, ಇಲ್ಲದ್ದು ಕಾಣುತ್ತದೆ, ಪ್ರಾಣಕ್ಕೂ ಅಪಾಯವಾಗಬಹುದು. ಅಂಥವರು ಮೊದಲು ವೈದ್ಯರನ್ನು ಕಂಡು, ಅವರ ನಿಗಾದಲ್ಲೇ ಬಿಡಬೇಕು.

ಮನೆಯವರಿಗೂ ಪ್ರತ್ಯೇಕ ಕೂಟವಿದೆ. ಬಿಲ್ ಅವರ ಹೆಂಡತಿ ಲೋಯಿಸ್ ವಿಲ್ಸನ್ 1951ರಲ್ಲಿ ಗೆಳತಿಯೊಬ್ಬರ ಜೊತೆ ಆರಂಭಿಸಿದ ಅಲ್-ಅನಾನ್ ಭಾರತದಲ್ಲೂ ಇದೆ. ಗಂಡ ಇನ್ನೂ ಕುಡಿಯುತ್ತಿದ್ದರೂ ಹೆಂಡತಿ ಅಲ್ಲಿಗೆ ಹೋಗಬಹುದು. ಕರ್ನಾಟಕದ ಹಳ್ಳಿಗಳಲ್ಲಿ ಬೇರೊಂದು ದಾರಿಯೂ ಇದೆ: ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು. ಅಲ್ಲಿ ಕುಡಿತ ಬಿಟ್ಟವರು ಊರಿಗೆ ಮರಳಿದ ಮೇಲೆ ನವಜೀವನ ಸಮಿತಿಗಳಲ್ಲಿ ಸೇರುತ್ತಾರೆ. ಎಲ್ಲಿಂದ ಶುರುಮಾಡಬೇಕೆಂದು ತಿಳಿಯದವರು ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಬಹುದು. ಕರೆಗೆ ಹಣ ಬೀಳುವುದಿಲ್ಲ.