ದನದ ತೇಗೂ ಭೂಮಿಯ ತಾಪವೂ

ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯಂತಹ ಊರುಗಳಲ್ಲಿ ದನಗಳು ಒಕ್ಕಲುತನದ ಆಧಾರ. ಈ ಸೀಮೆಯ ದೇವಣಿ ತಳಿಯು ಹಾಲಿಗೂ ದುಡಿಮೆಗೂ ಹೆಸರಾದುದು. ಜೋಳದ ಕಣಿಕೆಯನ್ನು ತಿಂದು ನೆರಳಿನಲ್ಲಿ ಮೆಲುಕುಹಾಕುವ ಈ ಸಾಧುಪ್ರಾಣಿಗೂ ಭೂಮಿಯ ತಾಪವು ಏರುತ್ತಿರುವುದಕ್ಕೂ ಸಂಬಂಧವುಂಟೆಂದರೆ ಆಶ್ಚರ್ಯವಾಗಬಹುದು. ಆ ಸಂಬಂಧವೇನೆಂಬುದನ್ನು ವಿಚಾರಮಾಡೋಣ.

ದನದ ಜಠರದಲ್ಲಿ ನಾಲ್ಕು ಕೋಣೆಗಳಿವೆ. ಅವುಗಳಲ್ಲಿ ಎಲ್ಲಕ್ಕೂ ದೊಡ್ಡದಾದ ರೂಮೆನ್ ಎಂಬುದರಲ್ಲಿ ಅಸಂಖ್ಯಾತ ಸೂಕ್ಷ್ಮಜೀವಿಗಳು ನೆಲೆಸಿ, ನಮಗೆ ಜೀರ್ಣವಾಗದ ನಾರನ್ನು ಒಡೆದು ದನಕ್ಕೆ ಆಹಾರವನ್ನಾಗಿ ಮಾಡುತ್ತವೆ. ಈ ಕ್ರಿಯೆಯಲ್ಲಿ ಹುಟ್ಟುವ ಜಲಜನಕವನ್ನು ಇಂಗಾಲದ ಡೈಆಕ್ಸೈಡಿನೊಡನೆ ಕೂಡಿಸಿ, ಅವುಗಳಲ್ಲಿ ಕೆಲವು ಮೀಥೇನ್ ಅನಿಲವನ್ನು ತಯಾರಿಸುತ್ತವೆ. ಅದು ಬಹುಮಟ್ಟಿಗೆ ತೇಗಿನ ಮೂಲಕ ಹೊರಬೀಳುತ್ತದೆ. ಮೇವಿನ ಶಕ್ತಿಯಲ್ಲಿ ನೂರಕ್ಕೆ ಸುಮಾರು 6 ಪಾಲು ಹೀಗೆ ವ್ಯರ್ಥವಾಗುವುದರಿಂದ ಇದು ರೈತನಿಗೂ ನಷ್ಟವೇ ಸರಿ.

1776ರಲ್ಲಿ ಇಟಲಿಯ ವೋಲ್ಟಾ ಜೌಗುನೆಲದಿಂದ ಸಂಗ್ರಹಿಸಿದ ಅನಿಲವೂ ಇದೇ. ತೂಕಕ್ಕೆ ತೂಕ ಹೋಲಿಸಿದರೆ, ನೂರು ವರ್ಷಗಳ ಅವಧಿಯಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು ಹೆಚ್ಚು ತಾಪವನ್ನು ಹಿಡಿದಿಡುತ್ತದೆ. 20 ವರ್ಷಗಳ ಲೆಕ್ಕದಲ್ಲಿ ಸುಮಾರು 80 ಪಟ್ಟು. ಆದರೆ ಅದರ ಆಯುಸ್ಸು ಅಲ್ಪ. ವಾತಾವರಣದಲ್ಲಿ ಅದು ಸುಮಾರು 12 ವರ್ಷ ಮಾತ್ರ ಉಳಿದರೆ, ಇಂಗಾಲದ ಡೈಆಕ್ಸೈಡಿನ ಪ್ರಭಾವವು ಶತಮಾನಗಳವರೆಗೆ ನಿಲ್ಲುತ್ತದೆ. ಆದುದರಿಂದ ಇಂದು ಮೀಥೇನನ್ನು ತಗ್ಗಿಸಿದರೆ ಅದರ ಫಲವನ್ನು ಇಂದಿನ ವಿದ್ಯಾರ್ಥಿಗಳೇ ತಮ್ಮ ಜೀವಿತದಲ್ಲಿ ಕಾಣಬಹುದು.

ತಗ್ಗಿಸುವ ಬಗೆ ಹೇಗೆ? ಸಗಣಿಯಿಂದ ಹೊರಡುವ ಮೀಥೇನನ್ನು ಹಿಡಿದಿಡುವುದು ಸುಲಭ. ಗೋಬರ್ ಗ್ಯಾಸ್ ತೊಟ್ಟಿಯಲ್ಲಿ ಸುಮಾರು 25 ಕಿಲೋಗ್ರಾಂ ಸಗಣಿಯಿಂದ ಒಂದು ಘನ ಮೀಟರ್ ಅನಿಲ ದೊರೆಯುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನ್. ಒಂದು ಕಿಲೋಗ್ರಾಂ ಮೀಥೇನ್ ಉರಿದರೆ 2.75 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅದರಲ್ಲಿರುವ ಇಂಗಾಲವಾದರೋ ಜೋಳದ ಪೈರು ಗಾಳಿಯಿಂದಲೇ ಪಡೆದದ್ದು. ಹೀಗೆ ಅಡಿಗೆಯೂ ಆಗುತ್ತದೆ, ಉಳಿದ ರಾಡಿ ಹೊಲಕ್ಕೆ ಗೊಬ್ಬರವೂ ಆಗುತ್ತದೆ. ಆದರೆ ತೊಟ್ಟಿ ಸೋರಬಾರದು. ಮೀಥೇನನ್ನು ಹುಟ್ಟಿಸುವುದೇ ತೊಟ್ಟಿಯ ಕೆಲಸವಾದುದರಿಂದ, ಬಹಳವಾಗಿ ಸೋರುವ ತೊಟ್ಟಿಗಿಂತ ಬಯಲಿನಲ್ಲಿ ಒಣಗಿಸಿದ ಕುಳ್ಳೇ ಈ ದೃಷ್ಟಿಯಿಂದ ಮೇಲು.

ತೇಗನ್ನು ಮಾತ್ರ ತೊಟ್ಟಿಯಲ್ಲಿ ಹಿಡಿಯಲಾಗದು. ಅದಕ್ಕೆ ಮೇವನ್ನೇ ಸುಧಾರಿಸಬೇಕು. ಬೆಂಗಳೂರಿನ ರಾಷ್ಟ್ರೀಯ ಪಶು ಪೌಷ್ಟಿಕತೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯು ಒಗರಿನ ಟ್ಯಾನಿನ್ ಹೇರಳವಾಗಿರುವ ಸಸ್ಯಪದಾರ್ಥಗಳಿಂದ 'ಹರಿತ್ ಧಾರಾ' ಎಂಬ ಪೂರಕ ಆಹಾರವನ್ನು ಸಿದ್ಧಪಡಿಸಿದೆ. ಇದು ಮೀಥೇನನ್ನು ನೂರಕ್ಕೆ 17ರಿಂದ 20ರಷ್ಟು ತಗ್ಗಿಸುವುದೆಂದು ಸಂಸ್ಥೆಯು ತಿಳಿಸಿದೆ. ಒಣ ಕಣಿಕೆಯೊಂದನ್ನೇ ಹಾಕದೆ ಹಸಿಮೇವನ್ನೂ ಹಿಂಡಿಯನ್ನೂ ಹದವಾಗಿ ಸೇರಿಸಿದರೆ ಹಾಲು ಹೆಚ್ಚುವುದರಿಂದ, ಲೀಟರು ಒಂದಕ್ಕೆ ಹೊರಬೀಳುವ ಮೀಥೇನ್ ಕಡಮೆಯಾಗುತ್ತದೆ.

ದನವನ್ನು ದೂಷಿಸಿ ಪ್ರಯೋಜನವಿಲ್ಲ. ಕಲ್ಲಿದ್ದಲು, ಎಣ್ಣೆಗಳ ಹೊಗೆಯನ್ನು ಕಡಮೆಮಾಡುವ ಹೊಣೆಯಂತೂ ನಮಗೆ ತಪ್ಪದು. ಅದರ ಜೊತೆಗೆ ಕೊಟ್ಟಿಗೆಯಲ್ಲಿ ಪೋಲಾಗುತ್ತಿರುವ ಶಕ್ತಿಯನ್ನೂ ಉಳಿಸಿದರೆ ರೈತನ ಮನೆಗೂ ಭೂಮಿಗೂ ಹಿತವಾದೀತು.