ಒಂದುಗಳ ಹಾರ

ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರ ಗುಣಾಕಾರದ ಲೆಕ್ಕಗಳಲ್ಲಿ 152207ನ್ನು 73ರಿಂದ ಗುಣಿಸುವುದೂ ಒಂದು; ಲಬ್ಧವು 11111111. ಇಂತಹ ಲಬ್ಧಗಳನ್ನು ಆಚಾರ್ಯನು ಕಂಠಾಭರಣಕ್ಕೆ ಹೋಲಿಸಿದ್ದಾನೆ. ಈ ಹಾರವನ್ನು ಬಿಡಿಸಬಹುದು. ಬಿಡಿಸಲಾಗದ ಹಾರವೂ ಉಂಟೆ?

ಒಂದುಗಳನ್ನು ಸಮನಾದ ಗುಂಪುಗಳಾಗಿ ಹಂಚಬಹುದಾದರೆ ಆ ಸಂಖ್ಯೆಯು ಒಡೆಯುತ್ತದೆ. ಎಂಟು ಒಂದುಗಳು ಎರಡೆರಡಾಗಿ ನಿಲ್ಲುವುದರಿಂದ 11 ಅದರ ಭಾಜಕ. ಆದುದರಿಂದ ಹಾರವು ಅವಿಭಾಜ್ಯವಾಗಬೇಕಾದರೆ ಒಂದುಗಳ ಎಣಿಕೆಯೂ ಅವಿಭಾಜ್ಯವಾಗಿರಬೇಕು. ಆದರೆ ಅಷ್ಟೇ ಸಾಲದು: 111 = 3 × 37; 11111 = 41 × 271; 1111111 = 239 × 4649. ಎಣಿಕೆ 11, 13, 17 ಆದಾಗಲೂ ಸಂಖ್ಯೆಯು ಒಡೆಯುತ್ತದೆ. 11ರ ತರುವಾಯ ಒಡೆಯದೆ ನಿಲ್ಲುವ ಮೊದಲನೆಯ ಹಾರ ಹತ್ತೊಂಬತ್ತು ಒಂದುಗಳದು: 1111111111111111111.

ಇದಕ್ಕೊಂದು ವಿಶೇಷ ಗುಣವುಂಟು. 1ನ್ನು ಇದರಿಂದ ಭಾಗಿಸಿದರೆ ದಶಮಾಂಶದಲ್ಲಿ ಹದಿನೆಂಟು ಸೊನ್ನೆಗಳು, ಬಳಿಕ ಒಂದು 9, ಇದೇ ಕ್ರಮದಲ್ಲಿ ಮರಳಿ ಮರಳಿ ಬರುತ್ತವೆ. ಹೀಗೆ ಹತ್ತೊಂಬತ್ತು ಸ್ಥಾನಗಳ ಆವರ್ತವುಳ್ಳ ಅವಿಭಾಜ್ಯ ಸಂಖ್ಯೆ ಜಗತ್ತಿನಲ್ಲಿ ಇದೊಂದೇ. ಕಾರಣ ಸರಳ: ಅಂತಹ ಆವರ್ತವುಳ್ಳ ಯಾವ ಅವಿಭಾಜ್ಯವೂ ಈ ಸಂಖ್ಯೆಯ ಭಾಜಕವಾಗಿರಲೇಬೇಕು, ಇದಕ್ಕೋ ತನ್ನನ್ನು ಬಿಟ್ಟರೆ ಬೇರೆ ಅವಿಭಾಜ್ಯ ಭಾಜಕವಿಲ್ಲ.

1031 ಒಂದುಗಳ ಸಂಖ್ಯೆಯೂ ಅವಿಭಾಜ್ಯವೆಂದು 1986ರಲ್ಲಿ ಸಿದ್ಧವಾಯಿತು. ಆದರೆ ಇಂತಹ ಹಾರಗಳು ಅನಂತವೋ, ಎಲ್ಲಿಯೋ ಮುಗಿಯುವುವೋ ಎಂಬುದನ್ನು ಇಂದಿಗೂ ಯಾರೂ ಸಾಧಿಸಿಲ್ಲ. ಆಚಾರ್ಯನು ಬಾಲಬೋಧೆಗೆಂಬಂತೆ ಪೋಣಿಸಿದ ಒಂದುಗಳು ಪಂಡಿತರನ್ನು ಇನ್ನೂ ಕಾಯಿಸುತ್ತಿವೆ.