ಕನ್ನಡದಲ್ಲಿ ನಿಷೇಧೋಕ್ತಿಯೂ ನಯವಾದ ನಿರಾಕರಣೆಯೂ

'ಮಾಡಬೇಡ' ಎನ್ನುವುದು ವ್ಯಾಕರಣದಲ್ಲಿ ಸುಲಭವಾದರೂ ಲೋಕವ್ಯವಹಾರದಲ್ಲಿ ಅಷ್ಟು ಸುಲಭವಲ್ಲ. ಹೇಳುವವನ ಅಧಿಕಾರವೂ ಕೇಳುವವನ ಮರ್ಯಾದೆಯೂ ಆ ಒಂದು ಮಾತಿನಲ್ಲಿ ತೂಗಿ ನಿಲ್ಲುತ್ತವೆ. ಕಲಬುರಗಿ ಸೀಮೆಯ ನುಡಿಯನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸುತ್ತೇವೆ.

ನಮ್ಮ ನಿಷೇಧರೂಪಗಳಲ್ಲಿ 'ಬೇಡ' ಎಂಬುದು ಎದುರಿಗಿರುವವನನ್ನು ನೇರವಾಗಿ ಕುರಿತದ್ದು. 'ಬಾರದು', 'ಕೂಡದು', 'ಸಲ್ಲದು', 'ಆಗದು' ಎಂಬಿವು ಹಾಗಲ್ಲ. ಬರು, ಕೂಡು, ಸಲ್ಲು, ಆಗು ಎಂಬ ಧಾತುಗಳಿಂದ ಹುಟ್ಟಿದ ಈ ರೂಪಗಳಲ್ಲಿ ತಡೆಯುವ ಮನುಷ್ಯನು ಕಾಣಿಸಿಕೊಳ್ಳುವುದೇ ಇಲ್ಲ. ಕೆಲಸವೇ ಹೊಂದದೆಂಬ ಭಾವ ಮಾತ್ರ ಉಳಿಯುತ್ತದೆ. ದೂರದ ಜಪಾನೀ ಭಾಷೆಯಲ್ಲಿಯೂ ಇದೇ ಜಾಡು ಕಾಣುತ್ತದೆ. ಅಲ್ಲಿಯ 'ತೆ ವ ಇಕೆಮಸೆನ್' ಎಂಬುದಕ್ಕೆ ಮೂಲಾರ್ಥ 'ಮಾಡಿದರೆ ಸಾಗದು'. 'ತೆ ವ ನರಿಮಸೆನ್' ಎಂಬುದಕ್ಕೆ 'ಮಾಡಿದರೆ ಆಗದು'.

'ಮಾಡಿದರೆ' ಎಂಬ ಈ ಪಕ್ಷಾರ್ಥವು ನಮ್ಮ ಶಾಸನಗಳಿಗೆ ಹೊಸದಲ್ಲ. ಸುಮಾರು 5ನೆಯ ಶತಮಾನದ ಹಲ್ಮಿಡಿ ಶಾಸನವೇ ದಾನವನ್ನು ಅಪಹರಿಸಿದವನಿಗೆ ಮಹಾಪಾತಕವುಂಟೆಂದು ಸಾರುತ್ತದೆ. ಮುಂದೆ ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ, ಧರ್ಮವನ್ನು ಕಾದವನಿಗೆ ವಾರಣಾಸಿಯಲ್ಲಿ ಗೋದಾನ ಮಾಡಿದ ಫಲ, ಅಳಿದವನಿಗೆ ಅಲ್ಲಿಯೇ ಗೋವುಗಳನ್ನು ಕೊಂದ ಪಾಪ ಎಂಬ ಇಬ್ಬಗೆಯ ಮಾತು ರೂಢಿಯಾಯಿತು. ದಾನಿಯು ಮುಂದೆ ಬರುವ ಅರಸರಿಗೆ ಆಜ್ಞೆ ಮಾಡಲಾರನು. ಆದುದರಿಂದ ಎರಡು ಫಲಗಳನ್ನೂ ತಿಳಿಸಿ ಆಯ್ಕೆಯನ್ನು ಅವರಿಗೇ ಬಿಟ್ಟನೆಂದು ನಮಗೆ ತೋರುತ್ತದೆ.

ಇಂದಿನ ಆಡುಮಾತಿನಲ್ಲಿ ನಯದ ಭಾರವನ್ನೆಲ್ಲ ಹೊರುವುದು 'ರಿ' ಎಂಬ ಪ್ರತ್ಯಯ: 'ಬ್ಯಾಡ್ರಿ', 'ಆಗಂಗಿಲ್ರಿ', 'ಸಾಕ್ರಿ'. ಸಾಲ ಕೇಳಿದವರಿಗೆ 'ಇಲ್ಲ' ಎನ್ನದೆ 'ಮುಂದ ನೋಡೋಣ್ರಿ' ಎಂದರೆ ಕೇಳಿದವರು ಅರಿತು ಸುಮ್ಮನಾಗುತ್ತಾರೆ. ಜಪಾನೀಯರು 'ಚೊತ್ತೊ', ಅಂದರೆ 'ಸ್ವಲ್ಪ', ಎಂದು ಮಾತನ್ನು ಅರ್ಧಕ್ಕೆ ನಿಲ್ಲಿಸುವುದೂ ಇಂಥದೇ ನಿರಾಕರಣೆ.

ಆದರೆ ಈ ಸೂಚನೆ ಫಲಿಸುವುದು ಸಮಾನರಲ್ಲಿ ಮಾತ್ರ. ಕುಸನೂರದ ಕೂಲಿಕಾರನೊಬ್ಬನು ಕಚೇರಿಗೆ ಬಂದನೆನ್ನೋಣ. ಆಗದ ಕೆಲಸಕ್ಕೆ 'ನಾಳಿ ಬರ್ರಿ' ಎಂದರೆ ಅವನು ನಿಜವಾಗಿಯೂ ನಾಳೆ ಬರುತ್ತಾನೆ, ಒಂದು ದಿನದ ಕೂಲಿಯನ್ನು ಕಳೆದುಕೊಳ್ಳುತ್ತಾನೆ. ಗೋಡೆಯ ಮೇಲಿನ 'ನಿಷೇಧಿಸಲಾಗಿದೆ' ಎಂಬ ಫಲಕವೂ ಯಾರು, ಏಕೆ ಎಂಬುದನ್ನು ಅವನಿಗೆ ತಿಳಿಸದು. 'ಇದು ಇಲ್ಲಿ ಆಗಂಗಿಲ್ರಿ, ಕಾರಣ ಇದು, ಇಂಥಲ್ಲಿ ಕೇಳ್ರಿ' ಎಂಬ ಮೂರು ಮಾತುಗಳಲ್ಲಿ ಮರ್ಯಾದೆಯೂ ಉಂಟು, ಸತ್ಯವೂ ಉಂಟು. ಫಲವನ್ನು ಮುಚ್ಚಿಡದೆ ಹೇಳಿದ ಶಾಸನಕಾರರ ಪದ್ಧತಿಗೆ ಇದೇ ಸಮೀಪವಾದುದೆಂದು ನಾವು ಭಾವಿಸುತ್ತೇವೆ.